ಹಿಟ್ಟು ತಿಗಣೆ ಅಡಗಿಸಿದ ಸಣ್ಣ ಹುಳದ ಕಥೆ

ಪರಂಗಿ ಗಿಡದಲ್ಲೋ ಹಿಪ್ಪುನೇರಳೆ ಕುಡಿಯಲ್ಲೋ ನಾಲ್ಕು ಬಿಳಿ ಹಿಟ್ಟು ಕಂಡರೆ ಸಾಕು, ಪಂಪ್ ಬೆನ್ನಿಗೇರುತ್ತೆ. ಅದಕ್ಕೆ ಮುಂಚೆ ಈ ಇತಿಹಾಸ ಸ್ವಲ್ಪ ಓದಿ.

ಪರಂಗಿ ಹಿಟ್ಟು ತಿಗಣೆ ನಮ್ಮೂರಿನದಲ್ಲ. ಅದರ ತವರು ಮೆಕ್ಸಿಕೋ ಕಡೆ. ಅಲ್ಲಿ ಅದೊಂದು ದೊಡ್ಡ ಪೀಡೆಯೇ ಅಲ್ಲ, ಯಾಕಂದ್ರೆ ಅದನ್ನು ತಿನ್ನೋ ಶತ್ರುಗಳೂ ಅಲ್ಲೇ ಇವೆ. 1990ರ ದಶಕದಲ್ಲಿ ಇದು ಕೆರಿಬಿಯನ್ ದ್ವೀಪಗಳಿಗೆ ಹಬ್ಬಿತು, 1998ರಲ್ಲಿ ಅಮೆರಿಕದ ಫ್ಲೋರಿಡಾ ಸೇರಿತು. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿತು. ತಿಗಣೆ ಬಂತು, ಅದರ ಶತ್ರು ಜೊತೆಗೆ ಬರಲಿಲ್ಲ. ಅಲ್ಲೇ ಎಡವಟ್ಟಾಗಿದ್ದು.

ತಮಿಳುನಾಡಿನಲ್ಲಿ ಪರಂಗಿ, ಮರಗೆಣಸು, ಹತ್ತಿ, ಹಿಪ್ಪುನೇರಳೆ ಎಲ್ಲಕ್ಕೂ ಹತ್ತಿ, ನಮ್ಮ ಕರ್ನಾಟಕಕ್ಕೂ ಬಂತು. ಬದುವಿನ ಕಾಂಗ್ರೆಸ್ ಗಿಡದ ಮೇಲೂ ಬದುಕುತ್ತೆ ಅಂದ್ರೆ ಎಲ್ಲಿ ಅಂತ ಹುಡುಕೋದು? ಔಷಧಿ ಹೊಡೆದರೂ ಮೈಮೇಲಿನ ಮೇಣದ ಹಿಟ್ಟು ಅದನ್ನು ಕಾಯುತ್ತೆ. ರೇಷ್ಮೆ ಮಾಡೋರ ಕಷ್ಟ ಇನ್ನೂ ಹೆಚ್ಚು: ವಿಷ ಬಿದ್ದ ಸೊಪ್ಪು ಹಾಕಿದರೆ ಹುಳು ಮನೆಯೇ ಖಾಲಿ.

ಆಗ ಬೆಂಗಳೂರಿನ ಹೆಬ್ಬಾಳದಲ್ಲಿರೋ ರಾಷ್ಟ್ರೀಯ ಕೃಷಿ ಕೀಟಗಳ ಸಂಸ್ಥೆಯವರು ತಿಗಣೆಯ ತವರಿನ ಶತ್ರುವನ್ನೇ ತರಿಸಿದರು. 2010ರಲ್ಲಿ ಪೋರ್ಟೊರಿಕೊದಿಂದ ಮೂರು ಜಾತಿಯ ಕಣಜದ ಹುಳ ಬಂದವು. ಅಷ್ಟರಲ್ಲಾಗಲೇ ಗುವಾಮ್, ಪಲಾವು ದ್ವೀಪಗಳಲ್ಲಿ ಇದೇ ಜಾತಿಯವು ಗೆದ್ದಿದ್ದವು. ಹೆಬ್ಬಾಳದಲ್ಲಿ ಮೊದಲು ಪ್ರತ್ಯೇಕವಾಗಿಟ್ಟು, ಬೇರೆ ಉಪಯೋಗಿ ಹುಳಕ್ಕೆ ತೊಂದರೆಯಿಲ್ಲ ಅಂತ ಪರೀಕ್ಷಿಸಿ, ಸಾಕಿ, ಅದೇ ವರ್ಷ ಅಕ್ಟೋಬರ್‌ನಲ್ಲಿ ಕೊಯಮತ್ತೂರಿನಿಂದ ಹೊಲಗಳಿಗೆ ಬಿಡೋಕೆ ಶುರು ಮಾಡಿದರು. ಆಮೇಲೆ ನಮ್ಮ ರಾಜ್ಯದ ತೋಟಗಳಿಗೂ ಬಂತು. ಮೂರರಲ್ಲಿ ಮೇಲುಗೈ ಆಗಿದ್ದು ಅಸೆರೋಫೇಗಸ್ ಪಪಾಯೆ ಅನ್ನೋದು. ಬಿಟ್ಟ ಕೆಲವೇ ತಿಂಗಳಲ್ಲಿ ತಿಗಣೆ ತಣ್ಣಗಾಯ್ತು.

ಈ ಕಣಜ ಒಂದು ಮಿಲಿಮೀಟರ್‌ಗಿಂತಲೂ ಚಿಕ್ಕದು, ನಮ್ಮನ್ನು ಚುಚ್ಚಲ್ಲ. ಹೆಣ್ಣು ಹುಳ ಎಳೇ ತಿಗಣೆ ಹುಡುಕಿ ಅದರ ಮೈಯೊಳಗೆ ಮೊಟ್ಟೆ ಇಡುತ್ತೆ. ಮರಿ ಒಳಗಿಂದಲೇ ತಿಗಣೆಯನ್ನು ತಿಂದು ಬೆಳೆಯುತ್ತೆ. ತಿಗಣೆ ಉಬ್ಬಿ, ಕಂದಾಗಿ, ಗಟ್ಟಿಯಾಗುತ್ತೆ. ಸುಮಾರು ಎರಡು ವಾರದಲ್ಲಿ ಹೊಸ ಕಣಜ ಸಣ್ಣ ತೂತು ಕೊರೆದು ಹಾರಿಹೋಗುತ್ತೆ. ತಿಗಣೆಯ ತಲೆಮಾರು ಇದಕ್ಕಿಂತ ನಿಧಾನ, ಅದಕ್ಕೇ ಕಣಜ ಗೆಲ್ಲೋದು.

ಅದು ತಿಗಣೆಯ ಬೇರು ಕಿತ್ತಿಲ್ಲ, ಹದ್ದುಬಸ್ತಿನಲ್ಲಿಟ್ಟಿದೆ ಅಷ್ಟೆ. ಅಲ್ಲೊಂದು ಇಲ್ಲೊಂದು ತಿಗಣೆ ಇದ್ದರೇ ಕಣಜಕ್ಕೂ ಊಟ. ನಾವು ಕಡು ವಿಷ ಹೊಡೆದರೆ ಮೇಣದಡಿ ಕೂತ ತಿಗಣೆ ಉಳಿಯುತ್ತೆ, ಬರಿಮೈಯ ಕಣಜ ಸಾಯುತ್ತೆ. ಒಬ್ಬರ ತೋಟದಲ್ಲಿ ಸತ್ತರೆ ಪಕ್ಕದವರಿಗೂ ನಷ್ಟ, ಅದಕ್ಕೆ ಬೇಲಿ ಗೊತ್ತಿಲ್ಲ.

ಹಾಗಾಗಿ ಹಿಟ್ಟು ಕಂಡ ತಕ್ಷಣ ಎಲೆ ತಿರುಗಿಸಿ ನೋಡಿ. ಕಂದಾಗಿ ಉಬ್ಬಿದ, ತೂತು ಬಿದ್ದ ತಿಗಣೆ ಇದ್ರೆ ಪಂಪ್ ಕೆಳಗಿಡಿ. ಹೆಚ್ಚು ಹತ್ತಿದ ಕುಡಿ ಮಾತ್ರ ಕತ್ತರಿಸಿ. ಇರುವೆ ಸಾಲು ತಡೆಯಿರಿ, ಸಿಹಿ ಅಂಟಿನ ಆಸೆಗೆ ಇರುವೆಗಳು ತಿಗಣೆಯನ್ನು ಕಾಯ್ತವೆ. ಬದುವಿನ ಕಾಂಗ್ರೆಸ್ ಗಿಡ ಕಿತ್ತು ಹಾಕಿ. ಉಳಿದ ಕೆಲಸ ಆ ಸಣ್ಣ ಹುಳ ನೋಡ್ಕೊಳ್ಳುತ್ತೆ. ನಿಮ್ಮ ತೋಟದಲ್ಲಿ ತೂತು ಬಿದ್ದ ತಿಗಣೆ ಕಂಡರೆ ಫೋಟೋ ಹಾಕಿ, ಅಕ್ಕಪಕ್ಕದವರೂ ಗುರುತು ಹಿಡಿಯಲಿ.