ಎಣಿಕೆ ಸಾಲದಾದಾಗ: ರಚನಾ ಸಮೀಕರಣಗಳ ಗುರುತಿಸುವಿಕೆಯ ಚರಿತ್ರೆ

1914ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಹೆನ್ರಿ ಮೂರ್, ಬೀಡುಕಬ್ಬಿಣದ ಬೆಲೆ ಏರಿದಂತೆ ಅದರ ಬೇಡಿಕೆಯೂ ಏರುತ್ತದೆಂದು ಪ್ರತಿಪಾದಿಸಿದರು. ತೊಡಕು ಗಣಿತಕ್ರಿಯೆಯಲ್ಲಿ ಇರಲಿಲ್ಲ. ಅವರು ಬೇಡಿಕೆಯ ರೇಖೆಯೆಂದು ಕರೆದುದು ಬೇಡಿಕೆ ಮತ್ತು ಪೂರೈಕೆಗಳೆರಡೂ ಸರಿಯುತ್ತ ಸಂಧಿಸಿದ ಬಿಂದುಗಳ ಜಾಡಾಗಿತ್ತು. ಮರುವರ್ಷ ಆ ಗ್ರಂಥವನ್ನು ವಿಮರ್ಶಿಸಿದ ಫಿಲಿಪ್ ರೈಟ್, 1928ರಲ್ಲಿ ಎಣ್ಣೆಗಳ ಮೇಲಿನ ಸುಂಕವನ್ನು ಕುರಿತು ತಾವೇ ಬರೆದ ಗ್ರಂಥದ ಅನುಬಂಧದಲ್ಲಿ ಪರಿಹಾರವನ್ನು ಸೂಚಿಸಿದರು. ಒಂದು ರೇಖೆಯನ್ನಷ್ಟೇ ಕದಲಿಸುವ ಹೊರಗಿನ ಅಂಶ ದೊರೆತರೆ ಮತ್ತೊಂದರ ಇಳಿಜಾರು ತಿಳಿಯುತ್ತದೆ. ಅಲ್ಲಿ ಬಳಕೆಯಾದ ಪಥ ವಿಶ್ಲೇಷಣೆ ಅವರ ಮಗ, ತಳಿವಿಜ್ಞಾನಿ ಸೀವಾಲ್ ರೈಟ್ ರೂಪಿಸಿದ ವಿಧಾನ.

ದತ್ತಾಂಶವೆಷ್ಟೇ ಹೆಚ್ಚಿದರೂ ಪ್ರಾಚಲವೊಂದಕ್ಕೆ ಒಂದೇ ಬೆಲೆ ನಿಲ್ಲುವುದೇ ಎಂಬ ಈ ಪ್ರಶ್ನೆಗೆ ಕೌಲ್ಸ್ ಆಯೋಗದ ಟ್ಯಾಲಿಂಗ್ ಕೂಪ್‌ಮನ್ಸ್ 1949ರಲ್ಲಿ ವ್ಯವಸ್ಥಿತ ರೂಪವನ್ನು ಕೊಟ್ಟರು. ಆದರೆ 1970ರ ದಶಕದಲ್ಲಿ ಕಾರ್ಲ್ ಯೊರೆಸ್ಕೋಗ್ ಅವರ ಲಿಸ್ರೆಲ್ ಕ್ರಮವಿಧಿಯೊಡನೆ ಅವ್ಯಕ್ತ ಚರಗಳ ಮಾದರಿಗಳು ಸಮಾಜವಿಜ್ಞಾನಗಳಿಗೆ ಹಬ್ಬಿದಾಗ ಹಳೆಯ ನಿಯಮಗಳು ಸಾಲದಾದವು.

ಬಹುಜನರ ಬಳಕೆಯಲ್ಲಿ ಉಳಿದುದು ಬರಿಯ ಎಣಿಕೆ. ಅಜ್ಞಾತ ಪ್ರಾಚಲಗಳು ಪ್ರಸರಣ, ಸಹಪ್ರಸರಣಗಳ ಸಂಖ್ಯೆಯನ್ನು ಮೀರಬಾರದೆಂಬುದು ಆ ನಿಯಮ. ಅದು ಅವಶ್ಯಕ, ಪರ್ಯಾಪ್ತವಲ್ಲ. ಎರಡು ಅವ್ಯಕ್ತ ಚರಗಳಿಗೆ ತಲಾ ಎರಡು ಸೂಚಕಗಳಿವೆಯೆನ್ನೋಣ. ನಾಲ್ಕು ಸೂಚಕಗಳಿಂದ ದೊರೆಯುವ ಸಂಖ್ಯೆಗಳು 10. ಅವ್ಯಕ್ತ ಚರಗಳಿಗೆ ಪರಸ್ಪರ ಸಂಬಂಧವೇ ಇಲ್ಲದಿದ್ದರೆ, ಪ್ರತಿಯೊಂದರ ಒಂದು ಸೂಚಕದ ಭಾರವನ್ನು 1 ಎಂದು ಇರಿಸಿಕೊಂಡಾಗ ಅಜ್ಞಾತಗಳು 8. ಎಣಿಕೆ ನಿರಾಳವಾಗಿ ತೇರ್ಗಡೆಯಾಗುತ್ತದೆ, ಮಾದರಿ ಆಗುವುದಿಲ್ಲ. ಆ 10ರಲ್ಲಿ ನಾಲ್ಕು ಸೊನ್ನೆಗಳೇ ಆಗಿ ಏನನ್ನೂ ಹೇಳುವುದಿಲ್ಲ. ಉಳಿದವು ಇಬ್ಭಾಗವಾಗಿ, ಪ್ರತಿ ಭಾಗದಲ್ಲೂ ಮೂರು ಸಮೀಕರಣಗಳಿಗೆ ನಾಲ್ಕು ಅಜ್ಞಾತಗಳು ಎದುರಾಗುತ್ತವೆ. ಸಂಬಂಧವನ್ನು ಒಪ್ಪಿಕೊಂಡರೆ ಅಜ್ಞಾತಗಳು 9ಕ್ಕೆ ಏರುತ್ತವೆ, ಆದರೂ ಮಾದರಿ ಬಿಡಿಸಿಕೊಳ್ಳುತ್ತದೆ. ಅಡ್ಡ ಸಹಪ್ರಸರಣಗಳ ಅನುಪಾತವೇ ಭಾರಗಳನ್ನು ಕೊಡುತ್ತದೆ. ಆ ಸಂಬಂಧ ಸೊನ್ನೆಯ ಸಮೀಪಕ್ಕೆ ಬಂದಲ್ಲಿ ಗಣಕ ಮುದ್ರಿಸುವ ಅಂಕಿಗಳಿಗೆ ಆಧಾರವೇ ಕುಸಿಯುತ್ತದೆ. ಭಾಷಾನಿಷ್ಠೆ, ಮನೋಭಾವಗಳಂಥ ಅವ್ಯಕ್ತಗಳನ್ನು ಅಳೆಯಹೊರಟವರಿಗೆ ಇದು ಕೇವಲ ಗಣಿತಜ್ಞರ ಚಿಂತೆಯಲ್ಲ.

1971ರಲ್ಲಿ ಥಾಮಸ್ ರೋಥನ್‌ಬರ್ಗ್ ಮಾಹಿತಿ ಮಾತೃಕೆಯ ದರ್ಜೆಯನ್ನು ಮಾನದಂಡವಾಗಿಸಿದರು. ಅದು ಒಂದು ಬಿಂದುವಿನ ಆಸುಪಾಸಿಗೆ ಮಾತ್ರ ಭರವಸೆ ನೀಡುತ್ತದೆ. ದೂರದಲ್ಲಿ ಇನ್ನೊಂದು ಉತ್ತರವಿಲ್ಲವೆಂದು ಹೇಳಲಾರದು. 1994ರಲ್ಲಿ ಬೆಕರ್, ಮರ್ಕೆನ್ಸ್, ವಾನ್ಸ್‌ಬೇಕ್ ಈ ಪರೀಕ್ಷೆಗೆ ಗಣಕ ಬೀಜಗಣಿತವನ್ನು ಬಳಸಿದರು. 2012ರಲ್ಲಿ ಫೊಯ್ಗಲ್, ಡ್ರೈಸ್ಮಾ, ಡ್ರಟನ್ ಮಂಡಿಸಿದ ನಿಕಷವು ಪಥಚಿತ್ರವನ್ನು ನೋಡಿಯೇ ತೀರ್ಪು ಕೊಡುತ್ತದೆ. ಆದರೆ ಅವರ ಪರ್ಯಾಪ್ತ ನಿಬಂಧನೆಗೂ ಅವಶ್ಯಕ ನಿಬಂಧನೆಗೂ ನಡುವೆ ಅಂತರವಿದೆ. ಅಲ್ಲಿ ಬೀಳುವ ಚಿತ್ರಗಳನ್ನು ಬೀಜಗಣಿತಕ್ಕೇ ಒಪ್ಪಿಸಬೇಕು, ಚರಗಳು ಹೆಚ್ಚಿದಂತೆ ಆ ಲೆಕ್ಕವೂ ಕೈಮೀರುತ್ತದೆ.