ತೊಟ್ಟಿಲ ಹೆಸರು

ನಮ್ಮ ಧುಪದಾಳದಲ್ಲಿ ಹೆಣ್ಣು ಹುಟ್ಟಿದರೆ ತೀರಿಹೋದ ಅಜ್ಜಿಯ ಹೆಸರೇ ತೊಟ್ಟಿಲು ಹುಡುಕಿಕೊಂಡು ಬರುತ್ತಿತ್ತು. ಯಲ್ಲವ್ವ ಎಂದರೆ ಸವದತ್ತಿಯ ಗುಡ್ಡ, ಹಿರಿಯರ ನೆನಪು ಎರಡೂ ಕೂಡಿದಂತೆ. 1987ರಲ್ಲಿ ದೂರದರ್ಶನದ ‘ರಾಮಾಯಣ’ ತಂದ ಸೀತೆ, ಊರ್ಮಿಳೆಯರು ಪುರಾಣದಿಂದ ಬಲ್ಲವರೇ. 2013ರಲ್ಲಿ ಶುರುವಾದ ‘ಅಗ್ನಿಸಾಕ್ಷಿ’ ಧಾರಾವಾಹಿಯ ಸನ್ನಿಧಿ ಹಾಗಲ್ಲ. ಹೊಸಬಳಾಗಿ ಬಂದು, ಸೊಸೆಯಂತೆ ಮನೆಯಲ್ಲೇ ಉಳಿದಳು.

ಮರುವರ್ಷ ತಮ್ಮನಿಗೆ ಮಗಳಾದಾಗ ಆ ಹೆಸರೇ ಬೇಕೆಂದರು. ಸೋದರತ್ತೆಯಾಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ನಾನು. ಆ ಧಾರಾವಾಹಿಯನ್ನು ಒಂದು ದಿನವೂ ತಪ್ಪಿಸದ ಅವ್ವ, ತನ್ನ ಅತ್ತೆಯ ಹೆಸರು ಅಳಿಯಿತೆಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಮೊದಲು ‘ಯಲ್ಲವ್ವ’ ಎಂದು ಉಸುರಿ, ಆಮೇಲೆ ‘ಸನ್ನಿಧಿ’ ಎಂದೆ.

ಧಾರಾವಾಹಿ 2020ರಲ್ಲಿ ಮುಗಿಯಿತು. ಹುಡುಗಿ ಈಗಲೂ ಎರಡೂ ಹೆಸರಿಗೆ ಓಗೊಡುತ್ತಾಳೆ.