ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್: ಖಾತೆ ಡಿಲೀಟ್ ಮಾಡಿದರೆ ಎಲ್ಲವೂ ಅಳಿಸಿಹೋಗುತ್ತದೆಯೇ?

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಾಗಲಿ, ಹರಿಹರದ ಪೇಟೆಯಲ್ಲಾಗಲಿ, ಹಳೆಯ ಫೋನ್ ಕೊಟ್ಟು ಹೊಸದು ಕೊಳ್ಳುವವರಲ್ಲಿ ಎಷ್ಟೋ ಜನ ಕೊನೇ ಗಳಿಗೆಯಲ್ಲಿ ಒಂದು ಕೆಲಸ ಮಾಡುತ್ತಾರೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಆ್ಯಪ್‌ಗಳ ಮೇಲೆ ಬೆರಳು ಒತ್ತಿ ಹಿಡಿದು ಅನ್‌ಇನ್‌ಸ್ಟಾಲ್ ಮಾಡುತ್ತಾರೆ. 'ಅಕೌಂಟ್ ತೆಗೆದುಬಿಟ್ಟೆ ಅಣ್ಣ' ಎಂದು ಅಂಗಡಿಯವರಿಗೆ ಹೇಳಿ ನಿಶ್ಚಿಂತರಾಗುತ್ತಾರೆ. ಆದರೆ ಹೋದದ್ದು ಆ್ಯಪ್ ಮಾತ್ರ. ಖಾತೆ, ಅದರೊಳಗಿನ ಫೋಟೊ, ಮೆಸೇಜ್, ಸ್ನೇಹಿತರ ಪಟ್ಟಿ ಎಲ್ಲವೂ ಕಂಪನಿಯ ಸರ್ವರ್‌ನಲ್ಲಿ ಹಾಗೇ ಇರುತ್ತವೆ.

ಇನ್ನೊಂದು ಕಡೆ, 'ಈ ಸಂದೇಶವನ್ನು ನಿಮ್ಮ ಗೋಡೆಯ ಮೇಲೆ ಹಾಕಿಕೊಳ್ಳಿ, ಫೇಸ್‌ಬುಕ್ ನಿಮ್ಮ ಫೋಟೊ ಬಳಸುವಂತಿಲ್ಲ' ಎನ್ನುವ ಫಾರ್ವರ್ಡ್ ವರ್ಷಕ್ಕೊಮ್ಮೆ ಹೊಸ ವೇಷದಲ್ಲಿ ಬರುತ್ತದೆ. ಹಾಗಾದರೆ ಖಾತೆಯನ್ನು ಶಾಶ್ವತವಾಗಿ ಅಳಿಸುವುದು ಹೇಗೆ? ಅಳಿಸಿದ ಮೇಲೆ ಏನು ಹೋಗುತ್ತದೆ, ಏನು ಉಳಿಯುತ್ತದೆ? ಯಾವಾಗ ಅಳಿಸಲೇಬಾರದು? ನೋಡೋಣ.

ಚಿಕ್ಕದಾಗಿ ಹೇಳುವುದಾದರೆ

ಡಿಲೀಟ್ ಮಾಡಿದರೆ ನಿಮ್ಮ ಖಾತೆ ಮತ್ತು ನೀವು ಅದರಲ್ಲಿ ಹಾಕಿದ್ದು ಅಳಿಯುತ್ತದೆ. ಆದರೆ ತಕ್ಷಣ ಅಲ್ಲ. ಬೇರೆಯವರ ಕೈ ಸೇರಿರುವ ಪ್ರತಿ ಅಳಿಯುವುದೇ ಇಲ್ಲ. ಯಾರಾದರೂ ನಿಮಗೆ ಬೆದರಿಕೆ ಹಾಕುತ್ತಿದ್ದರೆ ಅಥವಾ ಮೋಸ ಮಾಡಿದ್ದರೆ, ಸಾಕ್ಷ್ಯ ಉಳಿಸಿಕೊಂಡು ದೂರು ಕೊಡುವವರೆಗೆ ಖಾತೆ ಡಿಲೀಟ್ ಮಾಡಬೇಡಿ.

ನಾಲ್ಕು ಕೆಲಸಗಳು, ನಾಲ್ಕು ಪರಿಣಾಮಗಳು

ಅನ್‌ಇನ್‌ಸ್ಟಾಲ್: ಫೋನಿನಿಂದ ಆ್ಯಪ್ ಹೋಗುತ್ತದೆ. ಖಾತೆಗೆ ಏನೂ ಆಗುವುದಿಲ್ಲ. ಜನ ನಿಮ್ಮ ಪ್ರೊಫೈಲ್ ನೋಡಬಹುದು, ನಿಮ್ಮನ್ನು ಟ್ಯಾಗ್ ಮಾಡಬಹುದು.

ಲಾಗ್ ಔಟ್: ಆ ಒಂದು ಫೋನಿನಲ್ಲಿ ಖಾತೆಯ ಬಾಗಿಲು ಮುಚ್ಚುತ್ತದೆ, ಅಷ್ಟೇ.

ಡಿಆ್ಯಕ್ಟಿವೇಟ್: ಖಾತೆ ತಾತ್ಕಾಲಿಕವಾಗಿ ಮರೆಯಾಗುತ್ತದೆ. ಮನೆಗೆ ಬೀಗ ಹಾಕಿ ಊರಿಗೆ ಹೋದ ಹಾಗೆ. ಒಳಗಿನ ಸಾಮಾನು ಎಲ್ಲಿದ್ದವೋ ಅಲ್ಲೇ ಇರುತ್ತವೆ. ಫೇಸ್‌ಬುಕ್ ಡಿಆ್ಯಕ್ಟಿವೇಟ್ ಮಾಡಿದವರು ಮೆಸೆಂಜರ್ ಬಳಸುತ್ತಲೇ ಇರಬಹುದು.

ಡಿಲೀಟ್: ಖಾತೆಯನ್ನು ಶಾಶ್ವತವಾಗಿ ತೆಗೆಯುವ ಕೋರಿಕೆ. 'ಕೋರಿಕೆ' ಎಂದು ಹೇಳಲು ಕಾರಣವಿದೆ. ಬಟನ್ ಒತ್ತಿದ ಕ್ಷಣಕ್ಕೆ ಸಾಮಾನ್ಯವಾಗಿ ಕೆಲಸ ಶುರುವಾಗುತ್ತದೆ, ಮುಗಿಯುವುದಿಲ್ಲ.

ಯಾವ ಖಾತೆ ಅಳಿಯಲು ಎಷ್ಟು ದಿನ?

ಫೇಸ್‌ಬುಕ್: ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ಸೆಂಟರ್, ಪರ್ಸನಲ್ ಡೀಟೇಲ್ಸ್, ನಂತರ ಅಕೌಂಟ್ ಓನರ್‌ಶಿಪ್ ಅಂಡ್ ಕಂಟ್ರೋಲ್, ಅದರೊಳಗೆ ಡಿಆ್ಯಕ್ಟಿವೇಷನ್ ಆರ್ ಡಿಲೀಷನ್ ಎಂಬ ದಾರಿ ಇದೆ. ಮೆನುಗಳ ಹೆಸರು ಆಗಾಗ ಬದಲಾಗುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ 'ಡಿಲೀಟ್' ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ಕೋರಿಕೆ ಕೊಟ್ಟ ಮೇಲೆ 30 ದಿನ ಕಾಯುವ ಅವಧಿ. ಅಷ್ಟರೊಳಗೆ ಲಾಗಿನ್ ಆಗಿ ರದ್ದು ಮಾಡಿದರೆ ಖಾತೆ ವಾಪಸ್ ಸಿಗುತ್ತದೆ. ಆ ಬಳಿಕ ನೀವು ಹಾಕಿದ್ದನ್ನೆಲ್ಲ ಸರ್ವರ್‌ಗಳಿಂದ ತೆಗೆಯಲು ಒಟ್ಟು 90 ದಿನದವರೆಗೆ ಹಿಡಿಯಬಹುದು ಎಂದು ಕಂಪನಿ ಹೇಳುತ್ತದೆ. ಮೆಸೆಂಜರ್ ಕೂಡ ಜೊತೆಗೇ ಹೋಗುತ್ತದೆ.

ಇನ್‌ಸ್ಟಾಗ್ರಾಂ: ಇದೂ ಮೆಟಾ ಕಂಪನಿಯದ್ದೇ. ದಾರಿಯೂ ಅದೇ, ಲೆಕ್ಕವೂ ಅದೇ: 30 ದಿನ ಮತ್ತು 90 ದಿನ. ಎರಡೂ ಖಾತೆಗಳು ಒಂದೇ ಅಕೌಂಟ್ಸ್ ಸೆಂಟರ್‌ನಲ್ಲಿ ಕಾಣಿಸುವುದರಿಂದ ಯಾವುದನ್ನು ಆಯ್ಕೆ ಮಾಡುತ್ತಿದ್ದೀರಿ ಎಂದು ನೋಡಿಕೊಂಡೇ ಮುಂದುವರಿಯಿರಿ. ಒಂದನ್ನು ಅಳಿಸಿದರೆ ಇನ್ನೊಂದು ಅಳಿಯುವುದಿಲ್ಲ.

ವಾಟ್ಸಾಪ್: ಸೆಟ್ಟಿಂಗ್ಸ್, ಅಕೌಂಟ್, ಡಿಲೀಟ್ ಅಕೌಂಟ್. ಇಲ್ಲಿ 30 ದಿನದ ರಿಯಾಯಿತಿ ಇಲ್ಲ. ಒಮ್ಮೆ ಅಳಿಸಿದರೆ ಆ ಖಾತೆ ಮರಳಿ ಸಿಗುವುದಿಲ್ಲ. ಎಲ್ಲ ಗುಂಪುಗಳಿಂದಲೂ ಹೊರಬೀಳುತ್ತೀರಿ. ಕಂಪನಿಯ ಬಳಿ ಇರುವ ಮಾಹಿತಿ ತೆಗೆಯಲು ಇಲ್ಲೂ 90 ದಿನದವರೆಗೆ ಬೇಕಾಗಬಹುದು.

ಎಕ್ಸ್ (ಹಳೆಯ ಟ್ವಿಟರ್) ಮತ್ತು ಸ್ನಾಪ್‌ಚಾಟ್: ಮೊದಲು ಖಾತೆ ನಿಷ್ಕ್ರಿಯವಾಗುತ್ತದೆ. 30 ದಿನ ಲಾಗಿನ್ ಆಗದಿದ್ದರೆ ಅಳಿಸುವ ಕೆಲಸ ಮುಂದುವರಿಯುತ್ತದೆ. ನಡುವೆ 'ಒಂದ್ಸಲ ನೋಡೋಣ' ಎಂದು ಲಾಗಿನ್ ಆದರೆ ಖಾತೆ ಮತ್ತೆ ಜೀವ ಪಡೆಯುತ್ತದೆ.

ಯೂಟ್ಯೂಬ್: ಚಾನೆಲ್ ಮಾತ್ರ ಅಳಿಸುವ ಆಯ್ಕೆ ಬೇರೆ ಇದೆ. ಅದರ ಬದಲು ಇಡೀ ಗೂಗಲ್ ಖಾತೆ ಅಳಿಸಿದರೆ ಜಿಮೇಲ್, ಗೂಗಲ್ ಫೋಟೋಸ್, ಡ್ರೈವ್ ಎಲ್ಲವೂ ಹೋಗುತ್ತವೆ. ಮಕ್ಕಳ ಫೋಟೊಗಳೆಲ್ಲ ಅಲ್ಲಿದ್ದರೆ ಈ ತಪ್ಪು ತುಂಬ ದುಬಾರಿ.

90 ದಿನ ಯಾಕೆ ಬೇಕು?

ನಿಮ್ಮ ಒಂದು ಫೋಟೊ ಒಂದೇ ಕಂಪ್ಯೂಟರ್‌ನಲ್ಲಿ ಇರುವುದಿಲ್ಲ. ಒಂದು ಯಂತ್ರ ಕೆಟ್ಟರೂ ಫೋಟೊ ಕಳೆಯಬಾರದೆಂದು ಅದರ ಪ್ರತಿಗಳನ್ನು ಹಲವು ಕಡೆ ಇಟ್ಟಿರುತ್ತಾರೆ. ಅಳಿಸುವಾಗ ಆ ಎಲ್ಲ ಪ್ರತಿಗಳನ್ನೂ ಹುಡುಕಿ ತೆಗೆಯಬೇಕು. ವಿಪತ್ತಿನ ಸಮಯಕ್ಕೆಂದು ಇಟ್ಟ ಬ್ಯಾಕಪ್‌ನಲ್ಲಿ ಕೆಲವು ಪ್ರತಿಗಳು 90 ದಿನದ ಆಚೆಗೂ ಉಳಿಯಬಹುದು, ಕಾನೂನು ಕಾರಣಗಳಿಗಾಗಿ ಕೆಲವು ಮಾಹಿತಿ ಇಟ್ಟುಕೊಳ್ಳಬಹುದು ಎಂದು ಮೆಟಾ ತನ್ನ ನೀತಿಯಲ್ಲೇ ಬರೆದಿದೆ.

ಭಾರತದ ಕಾನೂನೂ ಒಂದಿಷ್ಟು ಮಾಹಿತಿ ಇಟ್ಟುಕೊಳ್ಳಲು ಹೇಳುತ್ತದೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ, ಬಳಕೆದಾರರು ಖಾತೆ ರದ್ದು ಮಾಡಿದ ಮೇಲೂ ಅವರು ನೋಂದಣಿಗೆ ಕೊಟ್ಟ ಮಾಹಿತಿಯನ್ನು ಕಂಪನಿ 180 ದಿನ ಉಳಿಸಿಕೊಳ್ಳಬೇಕು. ನಕಲಿ ಖಾತೆ ತೆರೆದು ಮೋಸ ಮಾಡಿ, ಮರುದಿನ ಡಿಲೀಟ್ ಮಾಡಿ ಓಡಿಹೋಗುವವರನ್ನು ಪೊಲೀಸರು ಹುಡುಕಲು ಇದು ನೆರವಾಗುತ್ತದೆ.

ಡಿಲೀಟ್ ಮಾಡಿದರೂ ಉಳಿಯುವುದು

ನೀವು ಕಳಿಸಿದ ಮೆಸೇಜ್: ಅದು ಪಡೆದವರ ಇನ್‌ಬಾಕ್ಸ್‌ನಲ್ಲಿ ಇರುತ್ತದೆ. ಅಂಚೆಗೆ ಹಾಕಿದ ಪತ್ರ ನಮ್ಮ ಮನೆಯ ವಿಳಾಸ ಬದಲಾದ ಮಾತ್ರಕ್ಕೆ ವಾಪಸ್ ಬರುವುದಿಲ್ಲವಲ್ಲ, ಹಾಗೆ.

ಸ್ಕ್ರೀನ್‌ಶಾಟ್, ಡೌನ್‌ಲೋಡ್, ಫಾರ್ವರ್ಡ್: ಮದುವೆ ಮನೆಯ ಫೋಟೊವನ್ನು ನಿಮ್ಮ ಅತ್ತಿಗೆ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದರೆ, ನಿಮ್ಮ ಖಾತೆಗೂ ಆ ಪ್ರತಿಗೂ ಸಂಬಂಧವೇ ಇಲ್ಲ. ಅವರನ್ನೇ ಕೇಳಿ ತೆಗೆಸಬೇಕು.

ನಿಮ್ಮ ಫೋಟೊ ಹಾಕಿ ತೆರೆದ ನಕಲಿ ಖಾತೆ: ಅಸಲಿ ಖಾತೆ ಅಳಿಸಿದರೆ ನಕಲಿ ಹೋಗುವುದಿಲ್ಲ. ಬದಲಿಗೆ, ನಿಮ್ಮ ಹೆಸರಿನಲ್ಲಿ ಉಳಿಯುವುದು ಅದೊಂದೇ ಆಗುತ್ತದೆ. ಮೊದಲು ಅದನ್ನು ರಿಪೋರ್ಟ್ ಮಾಡಿ ತೆಗೆಸಿ.

ಗೂಗಲ್ ಹುಡುಕಾಟದ ಫಲಿತಾಂಶ: ಪುಟ ಹೋದರೂ ಫಲಿತಾಂಶದಲ್ಲಿ ಕೆಲಕಾಲ ಹೆಸರು, ಚಿತ್ರ ಕಾಣಿಸಬಹುದು. ಹಳತಾದ ಫಲಿತಾಂಶ ತೆಗೆಯುವಂತೆ ಕೋರಲು ಗೂಗಲ್‌ನಲ್ಲಿ ಪ್ರತ್ಯೇಕ ಪುಟವಿದೆ.

ಫೇಸ್‌ಬುಕ್ ಮೂಲಕ ಲಾಗಿನ್ ಆದ ಬೇರೆ ಆ್ಯಪ್‌ಗಳು: ಗೇಮ್, ಶಾಪಿಂಗ್ ಆ್ಯಪ್‌ಗಳು ಆಗಲೇ ಪಡೆದ ಮಾಹಿತಿ ಅವರ ಬಳಿಯೇ ಇರುತ್ತದೆ. ಅಲ್ಲೂ ಬೇರೆಯಾಗಿ ಅಳಿಸಬೇಕು.

ಫಾರ್ವರ್ಡ್‌ಗಳು ಹೇಳುವುದು, ನಿಜ ಇರುವುದು

'ಈ ಘೋಷಣೆ ಪೋಸ್ಟ್ ಮಾಡಿದರೆ ನಿಮ್ಮ ಮಾಹಿತಿ ಸುರಕ್ಷಿತ': ಸುಳ್ಳು. ರೋಮ್ ಶಾಸನ ಎಂದೆಲ್ಲ ಹೆಸರು ಹಾಕಿದ ಈ ಸಂದೇಶ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಸುತ್ತುತ್ತಿದೆ. ರೋಮ್ ಶಾಸನ ಯುದ್ಧಾಪರಾಧ, ನರಮೇಧದಂಥ ವಿಷಯಗಳ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಸಂಬಂಧಿಸಿದ್ದು. ನಿಮ್ಮ ಸೆಲ್ಫಿಗೂ ಅದಕ್ಕೂ ಸಂಬಂಧವಿಲ್ಲ. 2024ರಲ್ಲಿ ಇದೇ ಸಂದೇಶ ಮೆಟಾ ಎಐ ಹೆಸರಿನಲ್ಲಿ ಮತ್ತೆ ಬಂತು. ಖಾತೆ ತೆರೆಯುವಾಗ ನೀವು ಒಪ್ಪಿದ ಷರತ್ತುಗಳನ್ನು ಒಂದು ಪೋಸ್ಟ್ ಬದಲಿಸಲಾರದು.

'ಸಿಮ್ ಬಿಸಾಡಿದರೆ ವಾಟ್ಸಾಪ್ ತಾನಾಗಿ ಹೋಗುತ್ತದೆ': ಅರ್ಧ ಸತ್ಯ, ಅಪಾಯವೂ ಇದೆ. ಸಾಮಾನ್ಯವಾಗಿ 120 ದಿನ ಬಳಸದ ವಾಟ್ಸಾಪ್ ಖಾತೆಯನ್ನು ಕಂಪನಿ ಅಳಿಸುತ್ತದೆ. ಆದರೆ ಬಂದ್ ಆದ ಮೊಬೈಲ್ ನಂಬರನ್ನು 90 ದಿನದ ನಂತರ ಬೇರೆಯವರಿಗೆ ಕೊಡಬಹುದು. ನಂಬರ್ ಬಿಡುವ ಮುಂಚೆಯೇ ವಾಟ್ಸಾಪ್ ಡಿಲೀಟ್ ಮಾಡಿ ಅಥವಾ ಹೊಸ ನಂಬರಿಗೆ ಬದಲಿಸಿ. ಬ್ಯಾಂಕ್, ಆಧಾರ್, ಫೇಸ್‌ಬುಕ್‌ಗಳಲ್ಲೂ ಹೊಸ ನಂಬರ್ ಸೇರಿಸಿ.

'ದುಡ್ಡು ಕೊಟ್ಟರೆ ಎಲ್ಲ ಡೇಟಾ ಅಳಿಸಿಕೊಡುತ್ತೇವೆ': ನಂಬಬೇಡಿ. ಖಾತೆ ಅಳಿಸಲು ಯಾವ ಕಂಪನಿಯೂ ಶುಲ್ಕ ಕೇಳುವುದಿಲ್ಲ. ಪಾಸ್‌ವರ್ಡ್, ಒಟಿಪಿ ಕೇಳುವ 'ಸಹಾಯವಾಣಿ' ಮೋಸದ್ದು.

ಬೆದರಿಕೆ ಇದ್ದರೆ ಅವಸರ ಬೇಡ

ಇದು ಈ ಲೇಖನದ ಮುಖ್ಯ ಮಾತು. ವಿಡಿಯೊ ಕಾಲ್ ಮಾಡಿ ರೆಕಾರ್ಡ್ ಮಾಡಿಕೊಂಡು, 'ದುಡ್ಡು ಹಾಕು, ಇಲ್ಲದಿದ್ದರೆ ನಿನ್ನ ಸ್ನೇಹಿತರಿಗೆಲ್ಲ ಕಳಿಸುತ್ತೇನೆ' ಎನ್ನುವವರಿದ್ದಾರೆ. ಕಾಲೇಜು ಹುಡುಗ ಹುಡುಗಿಯರಿಂದ ಹಿಡಿದು ನಿವೃತ್ತರವರೆಗೆ ಯಾರಿಗೆ ಬೇಕಾದರೂ ಇದು ಆಗಬಹುದು. ಹೆದರಿಕೆಯಲ್ಲಿ, ನಾಚಿಕೆಯಲ್ಲಿ ಮೊದಲು ಹೊಳೆಯುವುದೇ ಖಾತೆ ಡಿಲೀಟ್ ಮಾಡುವುದು. ಆದರೆ ಅವರ ಬಳಿ ಇರುವ ಪ್ರತಿ ಅದರಿಂದ ಅಳಿಯುವುದಿಲ್ಲ. ಹೋಗುವುದು ನಿಮ್ಮ ಸಾಕ್ಷ್ಯ.

ಹೀಗೆ ಮಾಡಿ:

1. ದುಡ್ಡು ಕಳಿಸಬೇಡಿ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ.

2. ಚಾಟ್, ಅವರ ಪ್ರೊಫೈಲ್, ಫೋನ್ ನಂಬರ್, ದಿನಾಂಕ ಮತ್ತು ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಪ್ರೊಫೈಲ್ ಲಿಂಕ್ ಕಾಪಿ ಮಾಡಿಡಿ. ಅವರು ಹೆಸರು ಬದಲಿಸಿದರೂ ಲಿಂಕ್ ನೆರವಾಗಬಹುದು. ದುಡ್ಡು ಹಾಕಿಬಿಟ್ಟಿದ್ದರೆ ವ್ಯವಹಾರದ ಸಂಖ್ಯೆ ಬರೆದಿಟ್ಟುಕೊಳ್ಳಿ.

3. ಆಮೇಲೆ ಬ್ಲಾಕ್ ಮಾಡಿ. ಖಾತೆಯನ್ನು ಬೇಕಾದರೆ ಡಿಆ್ಯಕ್ಟಿವೇಟ್ ಮಾಡಿ, ಡಿಲೀಟ್ ಬೇಡ.

4. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ದಾವಣಗೆರೆಯಲ್ಲಿ ಇದಕ್ಕೆಂದೇ ಸಿಇಎನ್ ಪೊಲೀಸ್ ಠಾಣೆ ಇದೆ. ಹತ್ತಿರದ ಯಾವುದೇ ಠಾಣೆಗೂ ಹೋಗಬಹುದು.

5. ಖಾಸಗಿ ಚಿತ್ರ ಹರಡುವ ಭಯವಿದ್ದರೆ 'ಸ್ಟಾಪ್ ಎನ್‌ಸಿಐಐ' ಎಂಬ ಉಚಿತ ಸೇವೆ ಇದೆ. ಚಿತ್ರವನ್ನು ಅವರಿಗೆ ಕಳಿಸಬೇಕಿಲ್ಲ. ನಿಮ್ಮ ಫೋನಿನಲ್ಲೇ ಆ ಚಿತ್ರಕ್ಕೆ ಬೆರಳಚ್ಚಿನಂಥ ಒಂದು ಸಂಕೇತ ತಯಾರಾಗುತ್ತದೆ. ಆ ಸಂಕೇತ ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಕಂಪನಿಗಳಿಗೆ ಹೋಗುತ್ತದೆ. ಅದೇ ಚಿತ್ರ ಅಲ್ಲಿ ಕಂಡರೆ ತಡೆಯಲು ಅವರಿಗೆ ಸಾಧ್ಯವಾಗುತ್ತದೆ. 18 ವರ್ಷದೊಳಗಿನವರಿಗೆ 'ಟೇಕ್ ಇಟ್ ಡೌನ್' ಎಂಬ ಇಂಥದ್ದೇ ಸೇವೆ ಇದೆ.

ಮನೆಯವರಿಗೂ ಒಂದು ಮಾತು. ಮಗಳೋ ಮಗನೋ ಇಂಥ ವಿಷಯ ಹೇಳಿಕೊಂಡು ಬಂದರೆ ಫೋನ್ ಕಿತ್ತುಕೊಂಡು ಎಲ್ಲ ಅಳಿಸಿಹಾಕಬೇಡಿ. ಜೊತೆಗೆ ಕೂತು ಸ್ಕ್ರೀನ್‌ಶಾಟ್ ತೆಗೆಯಿರಿ.

ಅಳಿಸುವ ಮುಂಚೆ ಈ ಕ್ರಮದಲ್ಲಿ ಮಾಡಿ

ಮೊದಲು ಬೇಕಾದ ಫೋಟೊ, ವಿಡಿಯೊಗಳನ್ನು ಇಳಿಸಿಕೊಳ್ಳಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ನಿಮ್ಮ ಮಾಹಿತಿಯನ್ನೆಲ್ಲ ಒಟ್ಟಿಗೆ ಡೌನ್‌ಲೋಡ್ ಮಾಡುವ ಆಯ್ಕೆ ಇದೆ. ಕಡತ ಸಿದ್ಧವಾಗಲು ಸಮಯ ಹಿಡಿಯುತ್ತದೆ, ಅದು ಕೈಗೆ ಬಂದ ಮೇಲೆಯೇ ಡಿಲೀಟ್ ಒತ್ತಿ.

ಅಂಗಡಿಯದ್ದೋ ಸಂಘದ್ದೋ ಪೇಜ್‌ಗೆ ನೀವೊಬ್ಬರೇ ಅಡ್ಮಿನ್ ಆಗಿದ್ದರೆ ಇನ್ನೊಬ್ಬರನ್ನು ಸೇರಿಸಿ. ಇಲ್ಲದಿದ್ದರೆ ನಿಮ್ಮ ಖಾತೆಯ ಜೊತೆ ಪೇಜೂ ಹೋಗುತ್ತದೆ.

ಫೇಸ್‌ಬುಕ್ ಮೂಲಕ ಲಾಗಿನ್ ಆಗುವ ಆ್ಯಪ್‌ಗಳಿಗೆ ಬೇರೆ ಪಾಸ್‌ವರ್ಡ್ ಹಾಕಿಕೊಳ್ಳಿ. ವಾಟ್ಸಾಪ್‌ನ ಬ್ಯಾಕಪ್ ಗೂಗಲ್ ಖಾತೆಯಲ್ಲೋ ಐಕ್ಲೌಡ್‌ನಲ್ಲೋ ಉಳಿದಿದೆಯೇ ನೋಡಿ.

ನಂತರ ಡಿಲೀಟ್ ಕೋರಿಕೆ ಕೊಟ್ಟು, ಎಲ್ಲ ಫೋನ್‌ಗಳಿಂದ ಲಾಗ್ ಔಟ್ ಆಗಿ, 30 ದಿನ ಆ ಕಡೆ ತಲೆ ಹಾಕಬೇಡಿ. ಫೋನ್ ಮಾರುವುದಿದ್ದರೆ ಕೊನೆಗೆ ಫ್ಯಾಕ್ಟರಿ ರೀಸೆಟ್ ಮಾಡಿ.

ಕಾನೂನು ಏನು ಹೇಳುತ್ತದೆ?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಅದಕ್ಕೂ ಮೊದಲು, ಅದೇ ವರ್ಷದ ಜನವರಿಯಲ್ಲಿ, ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಆನಂದ ಬೈರಾರೆಡ್ಡಿ ಅವರ ಮುಂದೆ ಒಂದು ಅರ್ಜಿ ಬಂದಿತ್ತು. ಅಂತರ್ಜಾಲದಲ್ಲಿ ಹುಡುಕಿದರೆ ಹಳೆಯ ಆದೇಶವೊಂದರಲ್ಲಿ ತನ್ನ ಮಗಳ ಹೆಸರು ಸಿಗುತ್ತದೆ, ಅದನ್ನು ಮರೆಮಾಡಬೇಕು ಎಂದು ತಂದೆಯೊಬ್ಬರು ಕೋರಿದ್ದರು. ಹುಡುಕಾಟದಲ್ಲಿ ಹೆಸರು ಕಾಣದಂತೆ ನೋಡಿಕೊಳ್ಳಲು ನ್ಯಾಯಾಲಯ ತನ್ನ ಕಚೇರಿಗೆ ಸೂಚಿಸಿತು. ಆದರೆ ಆದೇಶದ ದೃಢೀಕೃತ ಪ್ರತಿಯಲ್ಲಿ ಹೆಸರು ಇರುತ್ತದೆ ಎಂದೂ ಹೇಳಿತು. ಕಾಣದಂತೆ ಮಾಡುವುದು ಬೇರೆ, ಇಲ್ಲದಂತೆ ಮಾಡುವುದು ಬೇರೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ನಮ್ಮ ಮಾಹಿತಿ ಅಳಿಸುವಂತೆ ಕಂಪನಿಯನ್ನು ಕೇಳುವ ಹಕ್ಕನ್ನು ಬರಹದಲ್ಲಿ ಕೊಟ್ಟಿದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಅಳಿಸುವ ಹಕ್ಕು ಜಾರಿಗೆ ಬರಲು 18 ತಿಂಗಳ ಅವಧಿ ಇಟ್ಟಿರುವುದರಿಂದ ಅದು 2027ರ ಮೇ ತಿಂಗಳ ಲೆಕ್ಕಕ್ಕೆ ಬರುತ್ತದೆ. ಅಲ್ಲಿಯವರೆಗೂ ಕಂಪನಿಯ ದೂರು ಅಧಿಕಾರಿಗೆ ಬರೆಯಬಹುದು. ಅವರ ತೀರ್ಮಾನ ಸಮಾಧಾನ ತರದಿದ್ದರೆ 30 ದಿನದೊಳಗೆ ಕೇಂದ್ರದ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲಿ ಹೋಗಬಹುದು.

ತೀರಿಕೊಂಡವರ ಖಾತೆ

ಅಪ್ಪ ಹೋಗಿ ವರ್ಷವಾದರೂ 'ಇಂದು ಅವರ ಹುಟ್ಟುಹಬ್ಬ, ಶುಭಾಶಯ ಕೋರಿ' ಎಂದು ಫೇಸ್‌ಬುಕ್ ನೆನಪಿಸಿದಾಗ ಆಗುವ ಸಂಕಟ ಅನುಭವಿಸಿದವರಿಗೇ ಗೊತ್ತು. ಮರಣ ಪ್ರಮಾಣಪತ್ರ ಮತ್ತು ಸಂಬಂಧದ ದಾಖಲೆ ಕೊಟ್ಟು ಹತ್ತಿರದ ಬಂಧುಗಳು ಖಾತೆ ತೆಗೆಸಬಹುದು. ಅಥವಾ ಅದನ್ನು ಸ್ಮರಣೆಯ ಖಾತೆಯಾಗಿ ಉಳಿಸಿಕೊಳ್ಳಬಹುದು. ಆಗ ಫೋಟೊಗಳು ಇರುತ್ತವೆ, ಅಂಥ ನೆನಪೋಲೆಗಳು ನಿಲ್ಲುತ್ತವೆ.

ಕೊನೆಯದಾಗಿ

ಡಿಲೀಟ್ ಬಟನ್ ನಿಮ್ಮ ಮನೆಯ ಕಸ ಗುಡಿಸುತ್ತದೆ, ಬೇರೆಯವರ ಮನೆಯಲ್ಲಿರುವುದನ್ನಲ್ಲ. ಬೇಡದ ಖಾತೆ ಇದ್ದರೆ ಅಳಿಸುವುದೇ ಒಳ್ಳೆಯದು. ಆದರೆ ಮೊದಲು ಉಳಿಸಿಕೊಳ್ಳಬೇಕಾದ್ದನ್ನು ಉಳಿಸಿಕೊಳ್ಳಿ. ತೊಂದರೆಯಲ್ಲಿದ್ದರೆ ಮೊದಲು ದೂರು, ಆಮೇಲೆ ಡಿಲೀಟ್. ಫಾರ್ವರ್ಡ್ ಮಾಡುವುದಿದ್ದರೆ ಈ ಒಂದು ಸಾಲನ್ನು ಮಾಡಿ.